ಸಂತ ಜೋಸೆಫ್ ವಾಜರು ಮತ್ತು ಮನೆಯ ಜ್ಞಾನೋಪದೇಶ

ನಮ್ಮ ದೇವಾಲಯದ ಶತಮಾನೋತ್ಸವ ಸಂಚಿಕೆಗೆ ಮಕ್ಕಳ ಜ್ಞಾನೋಪದೇಶವನ್ನು ಕುರಿತು ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಬಂಧುಗಳು ಕೇಳಿಕೊಂಡಾಗ, ತಂದೆತಾಯಂದಿರಿಗೆ ನಾಲ್ಕು ಬುದ್ಧಿಮಾತು ಬರೆದು ಮುಗಿಸಬಹುದೆಂದು ಮೊದಲು ತೋರಿತು. ಆದರೆ ಅಂಥ ಬುದ್ಧಿಮಾತುಗಳನ್ನು ನಾವು ಪ್ರವಚನಪೀಠದಿಂದ ಪ್ರತಿವರ್ಷವೂ ಕೇಳುತ್ತಲೇ ಇದ್ದೇವೆ. ಕೇಳಿ ತಲೆದೂಗಿ ಮನೆಗೆ ಹೋಗುತ್ತೇವೆ. ಭಾನುವಾರದ ಪೂಜೆಯ ನಂತರ ಮಕ್ಕಳನ್ನು ಒಂದು ಗಂಟೆ ಉಪದೇಶಿಗಳ ವಶಕ್ಕೊಪ್ಪಿಸಿ ನಮ್ಮ ಕರ್ತವ್ಯ ತೀರಿತೆಂದು ನೆಮ್ಮದಿ ತಾಳುತ್ತೇವೆ. ಇಂದಿರಾನಗರ, ಹಲಸೂರು, ಶಿವಾಜಿನಗರಗಳ ಈ ಭಾಗದಲ್ಲಿ ಜ್ಞಾನೋಪದೇಶದ ತರಗತಿಯಲ್ಲಿ ಕುಳಿತು ಕಲಿಸಿದವರೆಲ್ಲರೂ ಒಂದು ಸಂಗತಿಯನ್ನು ಕಂಡೇ ಇರುತ್ತಾರೆ. ಮಗು ಪರಲೋಕ ಮಂತ್ರವನ್ನು ತಪ್ಪಿಲ್ಲದೆ ಒಪ್ಪಿಸುತ್ತದೆ; ಮನೆಯಲ್ಲಿ ಇದನ್ನು ಯಾರೊಡನೆ ಹೇಳುತ್ತೀಯೆ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತದೆ.

ಆದುದರಿಂದ ಬುದ್ಧಿಮಾತಿಗೆ ಬದಲಾಗಿ ಒಬ್ಬ ಮಹನೀಯರ ಚರಿತ್ರೆಯನ್ನು ಹೇಳುತ್ತೇನೆ. ದೇವಾಲಯವಿಲ್ಲದ, ಗುರುಗಳಿಲ್ಲದ, ಪ್ರಾರ್ಥನೆಯ ಸದ್ದು ಹೊರಗೆ ಕೇಳಿಸಿದರೆ ದಂಡನೆಯಾಗುತ್ತಿದ್ದ ಕಾಲದಲ್ಲಿ, ಮಕ್ಕಳಿಗೆ ವಿಶ್ವಾಸ ಹೇಗೆ ದಾಟಿತೆಂಬುದು ಈ ಚರಿತ್ರೆಯಲ್ಲಿದೆ. ಇವರನ್ನು ಲೋಕವು ಸಿಂಹಳದ ಪ್ರೇಷಿತರೆಂದು ಕರೆಯುತ್ತದೆ. ಆದರೆ ಅಲ್ಲಿಗೆ ಹೋಗುವ ಮುನ್ನ ಅವರು ಮೂರು ವರುಷ ನಡೆದಾಡಿದ ಮಣ್ಣು ನಮ್ಮ ಕನ್ನಡ ಕರಾವಳಿಯದು ಎಂಬುದನ್ನು ಬೆಂಗಳೂರಿನ ನಾವು ಅಷ್ಟಾಗಿ ನೆನೆಯುವುದಿಲ್ಲ.

ಜೋಸೆಫ್ ವಾಜರು 1651ನೆಯ ಇಸವಿ ಏಪ್ರಿಲ್ 21ರಂದು ಗೋವೆಯ ಸಾಲಸೇಟೆ ಪ್ರಾಂತದ ಬೆನಾವ್ಲಿ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದ ಮಿರಾಂದಾ. ತಂದೆಯ ಊರಾದ ಸಾಂಕ್ವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬೆನಾವ್ಲಿಯಲ್ಲಿ ಲತೀನನ್ನೂ ಕಲಿತರು. ಮನೆಮಾತು ಕೊಂಕಣಿ. ಶಾಲೆಗೆ ಹೋಗುವ ದಾರಿಯಲ್ಲಿ ದೇವಾಲಯದ ಬಾಗಿಲು ಮುಚ್ಚಿದ್ದರೂ ಅದರೆದುರು ಮಂಡಿಯೂರುತ್ತಿದ್ದರೆಂದೂ, ತಮ್ಮ ಪಾಲಿನ ಊಟವನ್ನು ಬಡ ಮಕ್ಕಳಿಗೆ ಹಂಚುತ್ತಿದ್ದರೆಂದೂ ಪರಂಪರೆ ಹೇಳುತ್ತದೆ. ಸಂತರ ಬಾಲ್ಯವನ್ನು ಬರೆಯುವಾಗ ಲೇಖನಿ ಸ್ವಲ್ಪ ಧಾರಾಳವಾಗುವುದು ಸಹಜ. ಆದರೂ ಆ ಕಾಲದ ಗೋವೆಯ ಹಳ್ಳಿಗಳಲ್ಲಿ ಸಾಯಂಕಾಲದ ಗಂಟೆ ಬಾರಿಸಿದೊಡನೆ ಮನೆಮಂದಿಯೆಲ್ಲ ಶಿಲುಬೆಯ ಮುಂದೆ ಸೇರಿ ಜಪಮಾಲೆ ಹೇಳುವ ವಾಡಿಕೆ ಬೇರೂರಿತ್ತೆಂಬುದರಲ್ಲಿ ಸಂಶಯವಿಲ್ಲ. ವಾಜರ ಮೊದಲ ಪಾಠಶಾಲೆ ಆ ಜಗುಲಿಯೇ.

ಆ ವಾಡಿಕೆಗೆ ಬೀಜ ಬಿತ್ತಿದವರಲ್ಲಿ ಅಗ್ರಗಣ್ಯರು ನಮ್ಮ ಬೆಂಗಳೂರಿನ ಪ್ರಧಾನಾಲಯದ ಪಾಲಕರೇ ಆದ ಸಂತ ಫ್ರಾನ್ಸಿಸ್ ಝೇವಿಯರರು. 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದ ಅವರು ಕೈಗಂಟೆ ಬಾರಿಸುತ್ತ ಬೀದಿಬೀದಿ ಸುತ್ತಿ ಮಕ್ಕಳನ್ನು ಕೂಡಿಸಿ, ಮಂತ್ರಗಳನ್ನು ಹಾಡಿನಂತೆ ಹೇಳಿಕೊಡುತ್ತಿದ್ದರು. ಮುತ್ತಿನ ಕರಾವಳಿಯ ಪರವರ ನಡುವೆ ಅವರು ಮಕ್ಕಳಿಗೆ ಕಲಿಸಿ, ಕಲಿತುದನ್ನು ಮನೆಗೆ ಹೋಗಿ ತಂದೆತಾಯಿಗೂ ನೆರೆಹೊರೆಗೂ ಕಲಿಸಿರೆಂದು ಅಪ್ಪಣೆ ಮಾಡುತ್ತಿದ್ದರು. ಅವರ ತಮಿಳು ಮಂತ್ರಪಾಠದಲ್ಲಿ ಒಂದು ಪ್ರಮಾದ ನುಸುಳಿತ್ತು. ವಿಶ್ವಾಸ ಪ್ರಮಾಣದಲ್ಲಿ ನಂಬುತ್ತೇನೆ ಎಂದಿರಬೇಕಾದ ಕಡೆ ನನಗೆ ಬೇಕು ಎಂಬರ್ಥದ ಪದ ಬಿದ್ದು, ಊರೂರಿನ ಮಕ್ಕಳು ಅದನ್ನೇ ಗಟ್ಟಿಮಾಡಿಕೊಂಡಿದ್ದರು. 1544ರಲ್ಲಿ ಝೇವಿಯರರೇ ಅದನ್ನು ಕಂಡುಕೊಂಡು, ಬೇಕು ಎಂಬುದನ್ನು ಬಿಟ್ಟು ವಿಶ್ವಾಸ ಎಂಬ ಮಾತನ್ನು ಹೇಳಿಸುವಂತೆ ತಮ್ಮ ಸಹಾಯಕರಿಗೆ ಪತ್ರ ಬರೆದರು. ಬಾಯಿಪಾಠಕ್ಕೂ ವಿಶ್ವಾಸಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ನಮ್ಮ ಚರಿತ್ರೆಯಲ್ಲಿ ಇನ್ನೊಂದಿರಲಾರದು. ಆದರೆ ತಪ್ಪನ್ನು ತಿದ್ದಲು ಸಾಧ್ಯವಾದದ್ದು ಮಕ್ಕಳು ಏನನ್ನೋ ಕಲಿತಿದ್ದುದರಿಂದಲೇ ಎಂಬುದನ್ನೂ ಮರೆಯಬಾರದು.

ವಾಜರ ಕಥೆಗೆ ಮರಳೋಣ. ಅವರು ಗೋವಾ ನಗರದಲ್ಲಿ ಯೇಸುಸಭೆಯ ಸಂತ ಪೌಲರ ವಿದ್ಯಾಲಯದಲ್ಲಿಯೂ ದೊಮಿನಿಕ ಸಭೆಯವರ ಸಂತ ತೋಮಸ್ ಅಕ್ವಿನಾಸರ ವಿದ್ಯಾಪೀಠದಲ್ಲಿಯೂ ವ್ಯಾಸಂಗ ಮಾಡಿ 1676ರಲ್ಲಿ ಗುರುಪಟ್ಟ ಪಡೆದರು. ಪಟ್ಟವಾದೊಡನೆ ಪಾದರಕ್ಷೆಗಳನ್ನು ತ್ಯಜಿಸಿದರು. ಬಡವರು ನಡೆವಂತೆ ಬರಿಗಾಲಿನಲ್ಲಿ ನಡೆದರು. ಸಾಂಕ್ವಾಳದಲ್ಲಿ ಬಾಲಕರಿಗಾಗಿ ಲತೀನ್ ಶಾಲೆಯೊಂದನ್ನು ತೆರೆದರು. 1677ರ ಆಗಸ್ಟ್ 5ರಂದು, ಹಿಮಮಾತೆಯ ಹಬ್ಬದ ದಿನ, ತಾವು ಕನ್ಯಾಮರಿಯಮ್ಮನವರ ಆಜೀವ ದಾಸರೆಂದು ಪತ್ರ ಬರೆದು ಸಹಿ ಹಾಕಿದರು. ದಾಸ್ಯಪತ್ರವೆಂದೇ ಪ್ರಸಿದ್ಧವಾದ ಆ ಬರಹ ಇಂದಿಗೂ ಭಕ್ತರ ಗೌರವಕ್ಕೆ ಪಾತ್ರವಾಗಿದೆ.

ಅವರ ಮನಸ್ಸೆಲ್ಲ ಸಿಂಹಳದ ಕಡೆಗಿತ್ತು. ಅಲ್ಲಿ ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡು ಕಥೋಲಿಕ ಗುರುಗಳನ್ನೆಲ್ಲ ಹೊರಹಾಕಿದ್ದರು. ಗುರುವೊಬ್ಬನಿಗೆ ಆಶ್ರಯ ಕೊಟ್ಟವನಿಗೆ ಮರಣದಂಡನೆಯೆಂದು ಸಾರಲಾಗಿತ್ತು. ವಾಜರು ಅಲ್ಲಿಗೆ ಹೋಗಲು ಅಪ್ಪಣೆ ಬೇಡಿದರೆ, ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕೆನರಾ ಪ್ರಾಂತಕ್ಕೆ ಪ್ರಾಂತಗುರುಗಳನ್ನಾಗಿ ಕಳುಹಿಸಿದರು. ಬೇಡಿದ್ದು ಒಂದು, ದೊರೆತದ್ದು ಮತ್ತೊಂದು. ಆದರೆ ಸಿಂಹಳದಲ್ಲಿ ಅವರು ಮಾಡಿದ ಕಾರ್ಯಕ್ಕೆ ಅಭ್ಯಾಸವಾದದ್ದು ಈ ನೆಲದಲ್ಲಿಯೇ ಎಂದು ನನಗೆ ಅನಿಸುತ್ತದೆ.

ಆಗ ಕರಾವಳಿಯನ್ನು ಆಳುತ್ತಿದ್ದವರು ಕೆಳದಿಯ ನಾಯಕರು. ಸಿಂಹಾಸನದಲ್ಲಿದ್ದವಳು ರಾಣಿ ಚೆನ್ನಮ್ಮಾಜಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ನೀಡಿದಳೆಂದು ಶಾಲೆಯ ಪುಸ್ತಕಗಳಲ್ಲಿ ನಾವೆಲ್ಲ ಓದಿರುವ ಧೀರರಾಣಿ ಈಕೆಯೇ. ಇವಳಿಗಿಂತ ಮುಂಚೆಯೇ ಶಿವಪ್ಪನಾಯಕನು ಹೊನ್ನಾವರ, ಬಸ್ರೂರು, ಗಂಗೊಳ್ಳಿಗಳ ಪೋರ್ಚುಗೀಸ್ ಕೋಟೆಗಳನ್ನು ಗೆದ್ದುಕೊಂಡಿದ್ದನು. ಕೋಟೆಗಳೊಡನೆ ಗುರುಗಳೂ ಹೊರಟುಹೋದರು. ಗೋವೆಯಿಂದ ವಲಸೆ ಬಂದು ಬೇಸಾಯಕ್ಕಿಳಿದ ಕ್ರೈಸ್ತ ಕುಟುಂಬಗಳು ಮಾತ್ರ ಅಲ್ಲಿಯೇ ಉಳಿದುವು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಗದ್ದೆಯ ಅಂಚಿನಲ್ಲಿ ತುಳು. ಹೀಗೆ ಬದುಕುತ್ತಿದ್ದ ಆ ಜನರ ಮಕ್ಕಳು ಜ್ಞಾನಸ್ನಾನವಿಲ್ಲದೆಯೋ, ಜ್ಞಾನಸ್ನಾನವಾಗಿಯೂ ಶಿಲುಬೆಯ ಗುರುತಿನಾಚೆ ಏನನ್ನೂ ಅರಿಯದೆಯೋ ಬೆಳೆಯುತ್ತಿದ್ದರು. ಕೆಳದಿಯ ಅರಸರು ಕ್ರೈಸ್ತರಿಗೆ ವಿರೋಧಿಗಳೇನೂ ಆಗಿರಲಿಲ್ಲ. ಮಂಗಳೂರಿನ ಮಿಲಾಗ್ರಿಸ್ ದೇವಾಲಯವು 1680ರಲ್ಲಿ ಎದ್ದದ್ದು ರಾಣಿ ಚೆನ್ನಮ್ಮಾಜಿ ಕೊಟ್ಟ ಭೂಮಿಯ ಮೇಲೆ. ಕೊರತೆಯಿದ್ದದ್ದು ಕಲಿಸುವವರದು.

ಇದರ ಮೇಲೊಂದು ಗೃಹಕಲಹವೂ ಇತ್ತು. ಪ್ರಾಂತದ ಕ್ರೈಸ್ತರು ಯಾರ ಅಧಿಕಾರಕ್ಕೆ ಸೇರಿದವರು, ಗೋವೆಯ ಮಹಾಮೇತ್ರಾಣಿಗಳದೋ ಅಥವಾ ರೋಮಾಪುರಿಯ ಪ್ರೊಪಗಾಂದ ಸಭೆಯು ನೇಮಿಸಿದ ಮೇತ್ರಾಣಿ ತೋಮಸ್ ದ ಕಾಸ್ತ್ರೊರವರದೋ ಎಂಬ ವಿವಾದ ತೀವ್ರವಾಗಿತ್ತು. ಒಬ್ಬರು ಕೊಟ್ಟ ಸಂಸ್ಕಾರ ಸಲ್ಲದೆಂದು ಇನ್ನೊಬ್ಬರ ಪಕ್ಷದವರು ಹೇಳುವಷ್ಟರ ಮಟ್ಟಿಗೆ ಮನಸ್ಸುಗಳು ಕೆಟ್ಟಿದ್ದುವು. ವಾಜರು ತಮ್ಮನ್ನು ಕಳುಹಿಸಿದವರ ಹಕ್ಕನ್ನು ಬಿಟ್ಟುಕೊಡಲಿಲ್ಲ, ಮೇತ್ರಾಣಿಗಳಿಗೆ ಸಲ್ಲಬೇಕಾದ ಗೌರವಕ್ಕೂ ಚ್ಯುತಿ ತರಲಿಲ್ಲ. ಎರಡು ಪಕ್ಷದ ಜನರೂ ಅವರ ಬಳಿಗೆ ಬಂದರು. ಹಿರಿಯರು ಅಧಿಕಾರಕ್ಕಾಗಿ ಕಾದಾಡುವ ಕಡೆ ಮಕ್ಕಳು ಉಪದೇಶವಿಲ್ಲದೆ ಉಳಿಯುತ್ತಾರೆಂಬುದು ಹದಿನೇಳನೆಯ ಶತಮಾನಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಯಾವ ಭಾಷೆಯಲ್ಲಿ ಪೂಜೆಯಾಗಬೇಕೆಂಬ ವಾದದಲ್ಲಿ ವರ್ಷಗಳನ್ನು ಕಳೆದ ನಮ್ಮ ನಗರದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1681ರಿಂದ 1684ರವರೆಗೆ ವಾಜರು ಹೊನ್ನಾವರ, ಗಂಗೊಳ್ಳಿ, ಕುಂದಾಪುರ, ಬಸ್ರೂರು, ಬಾರ್ಕೂರು, ಕಲ್ಯಾಣಪುರ, ಮೂಲ್ಕಿ, ಮಂಗಳೂರು ಎಂದು ಬರಿಗಾಲಿನಲ್ಲಿ ಸುತ್ತಿದರು. ಬಿದ್ದುಹೋದ ಗುಡಿಗಳನ್ನು ಎತ್ತಿ ನಿಲ್ಲಿಸಿದರು, ಊರಿನವರ ನೆರವಿನಿಂದ ಚಿಕ್ಕ ಚಿಕ್ಕ ಶಾಲೆಗಳನ್ನು ತೆರೆದರು, ಭಕ್ತಸಂಘಗಳನ್ನು ಕಟ್ಟಿದರು. ಈ ಸಂಘಗಳ ಗುಟ್ಟು ಏನೆಂದರೆ, ಗುರುಗಳು ಮುಂದಿನ ಊರಿಗೆ ಹೊರಟುಹೋದ ಮೇಲೂ ಜಪಮಾಲೆ ನಿಲ್ಲುವಂತಿರಲಿಲ್ಲ. ಹಬ್ಬವನ್ನು ನಡೆಸಲು, ಸತ್ತವರಿಗಾಗಿ ಪ್ರಾರ್ಥಿಸಲು, ಎಳೆಯರಿಗೆ ಮಂತ್ರ ಹೇಳಿಕೊಡಲು ಊರಿನಲ್ಲೇ ಯಾರಾದರೊಬ್ಬರು ಹೊಣೆ ಹೊರಬೇಕಾಗುತ್ತಿತ್ತು. ಕುಂದಾಪುರದ ರೋಸರಿ ಮಾತೆಯ ದೇವಾಲಯದಲ್ಲಿ ಅವರು ಧ್ಯಾನಮಗ್ನರಾಗಿ ನೆಲಬಿಟ್ಟು ಮೇಲೆದ್ದುದನ್ನು ಜನ ಕಂಡರೆಂಬ ಐತಿಹ್ಯವಿದೆ. ಮಂಗಳೂರಿಗೆ ಸಮೀಪದ ಮುಡಿಪು ಗುಡ್ಡದಲ್ಲಿ ಅವರು ಮಂಡಿಯೂರಿದ ಕಡೆ ಒರತೆಗಳು ಚಿಮ್ಮಿದುವೆಂಬ ನಂಬಿಕೆಯಿಂದ ಇಂದಿಗೂ ಸಾವಿರಾರು ಜನ ಅಲ್ಲಿಗೆ ಯಾತ್ರೆ ಹೋಗುತ್ತಾರೆ. ಕರಾವಳಿಯಿಂದ ಬೆಂಗಳೂರಿಗೆ ಬಂದು ನೆಲೆಸಿದ ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳಿಗೆ ಆ ಗುಡ್ಡ ಅಪರಿಚಿತವೇನಲ್ಲ.

1684ರಲ್ಲಿ ಗೋವೆಗೆ ಹಿಂದಿರುಗಿದ ವಾಜರು ಮರುವರ್ಷ ಹಳೆಯ ಗೋವೆಯ ಪವಾಡ ಶಿಲುಬೆಯ ದೇವಾಲಯದಲ್ಲಿ ಒಟ್ಟಿಗೆ ಬಾಳುತ್ತಿದ್ದ ಕೆಲವು ದೇಶೀಯ ಗುರುಗಳನ್ನು ಸೇರಿಕೊಂಡು, ಅವರ ಮುಖ್ಯಸ್ಥರಾಗಿ ಆರಿಸಲ್ಪಟ್ಟರು. ಸಂತ ಫಿಲಿಪ್ ನೇರಿಯವರ ನಿಯಮವನ್ನು ಆಧರಿಸಿದ ಆ ಒರೆಟರಿ ಸಭೆಯಲ್ಲಿದ್ದವರೆಲ್ಲ ಭಾರತೀಯರೇ. ಐರೋಪ್ಯರ ಸಭೆಗಳು ನಮ್ಮವರನ್ನು ಸೇರಿಸಿಕೊಳ್ಳಲು ಹಿಂದೆಗೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಾಹಸವಲ್ಲ. 1686ರಲ್ಲಿ ಕೊನೆಗೂ ಅವರು ಸಿಂಹಳದ ದಾರಿ ಹಿಡಿದರು. ಕೆನರಾದ ತಮ್ಮ ಹಳೆಯ ಊರುಗಳನ್ನು ಹಾದು, ಮಲೆಯಾಳ ಕರಾವಳಿಯನ್ನು ಬಳಸಿ ತೂತ್ತುಕುಡಿಯನ್ನು ಸೇರಿದರು. ಅಲ್ಲಿ ಗುರುವಸ್ತ್ರವನ್ನು ಕಳಚಿ ಕೂಲಿಯವನ ವೇಷ ತೊಟ್ಟು, ಜುವಾಂವ್ ಎಂಬ ಕುಣಬಿ ಯುವಕನೊಬ್ಬನನ್ನು ಮಾತ್ರ ಜೊತೆಗೆ ಕರೆದುಕೊಂಡು 1687ರಲ್ಲಿ ಕಡಲು ದಾಟಿದರು. ಬಿರುಗಾಳಿಗೆ ಸಿಕ್ಕಿ, ಹಸಿವಿನಿಂದ ಬಳಲಿ ಜಾಫ್ನವನ್ನು ಮುಟ್ಟುವಷ್ಟರಲ್ಲಿ ರಕ್ತಭೇದಿ ಹಿಡಿಯಿತು. ಅನ್ಯ ಊರಿನ ರೋಗಿಗಳೆಂದು ಜನ ಹತ್ತಿರ ಸೇರಿಸಲಿಲ್ಲ. ದಯಾವಂತಳಾದ ಹೆಂಗಸೊಬ್ಬಳು ತಂದುಕೊಡುತ್ತಿದ್ದ ಗಂಜಿಯಿಂದ ಅವರಿಬ್ಬರೂ ಬದುಕಿದರು.

ಜಾಫ್ನದಲ್ಲಿ ಆಗ ಕಥೋಲಿಕರಿದ್ದರೋ ಇಲ್ಲವೋ ಹೇಳುವವರಿರಲಿಲ್ಲ. ಹೊರನೋಟಕ್ಕೆ ಎಲ್ಲರೂ ಡಚ್ಚರ ಸುಧಾರಿತ ಸಭೆಯವರೇ. ಡಚ್ಚರ ವ್ಯವಸ್ಥೆ ಬಹು ಜಾಣತನದ್ದು. ಪೋರ್ಚುಗೀಸರ ಕಾಲದ ದೇವಾಲಯಗಳನ್ನೇ ಅವರು ಶಾಲೆಗಳನ್ನಾಗಿ ಮಾರ್ಪಡಿಸಿದ್ದರು. ಪ್ರತಿಯೊಂದು ಹಳ್ಳಿಯ ಶಾಲಾ ಉಪಾಧ್ಯಾಯನ ಕೈಯಲ್ಲಿ ತೊಂಬು ಎಂಬ ದಾಖಲೆ ಪುಸ್ತಕವಿರುತ್ತಿತ್ತು. ಜ್ಞಾನಸ್ನಾನವೂ ವಿವಾಹವೂ ಅದರಲ್ಲಿ ದಾಖಲಾದರೆ ಮಾತ್ರ ಕಾಯಿದೆಗೆ ಸಮ್ಮತ. ಇಲ್ಲವಾದರೆ ಆಸ್ತಿಯ ಹಕ್ಕಿಗೂ ಕುತ್ತು. ಮಕ್ಕಳು ಶಾಲೆಗೆ ಬಂದು ಡಚ್ಚರ ಪ್ರಶ್ನೋತ್ತರ ಪಾಠವನ್ನು ಒಪ್ಪಿಸಲೇಬೇಕು. ಬಾರದಿದ್ದರೆ ತಂದೆತಾಯಿಗೆ ಜುಲ್ಮಾನೆ. ಹೀಗೆ ಮೂವತ್ತು ವರ್ಷ ಸಂದಿತ್ತು. ಒಂದು ತಲೆಮಾರು ಪೂರ್ತಿ ಆ ಬೆಂಚುಗಳ ಮೇಲೆ ಕುಳಿತು ಎದ್ದುಹೋಗಿತ್ತು.

ವಾಜರು ಕಂಡುಕೊಂಡ ಉಪಾಯ ಸರಳವಾದುದು. ದೊಡ್ಡದೊಂದು ಜಪಮಾಲೆಯನ್ನು ಕೊರಳಿಗೆ ಹಾಕಿಕೊಂಡು ಮನೆಮನೆಗೂ ಭಿಕ್ಷೆಗೆ ಹೋದರು. ಭಿಕ್ಷೆ ನೀಡಲು ಬಂದವರ ಕಣ್ಣು ಜಪಮಾಲೆಯ ಮೇಲೆ ಹೇಗೆ ನಿಲ್ಲುತ್ತದೆಂದು ಗಮನಿಸಿದರು. ಕೆಲವರು ಹೀಗಳೆದು ಕಳುಹಿಸಿದರು. ಕೆಲವರ ಮುಖದಲ್ಲಿ ಬೇರೇನೋ ಸುಳಿಯಿತು. ಅಂಥವರಲ್ಲೊಬ್ಬನಿಗೆ, ನಂಬಿಕಸ್ಥನೆಂದು ತಿಳಿದ ಮೇಲೆ, ತಾವು ಗುರುವೆಂಬುದನ್ನು ಹೊರಗೆಡವಿದರು. ಆ ಸುದ್ದಿ ಕಿವಿಯಿಂದ ಕಿವಿಗೆ ಹರಿಯಿತು. ಸಿಲ್ಲಾಲೈ ಎಂಬ ಹಳ್ಳಿಯವರು ಅವರನ್ನು ಕರೆದೊಯ್ದು ಅಡಗಿಸಿಟ್ಟರು. ಆ ಹಳ್ಳಿಯೇ ಎರಡು ವರ್ಷ ಅವರ ಠಾಣೆಯಾಯಿತು.

ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಜಪಮಾಲೆಯೆಂದರೇನೆಂದು ಆ ಮನೆಗಳಲ್ಲಿ ಹೇಗೆ ತಿಳಿದಿತ್ತು? 1687ರಲ್ಲಿ ಇಪ್ಪತ್ತೈದು ವಯಸ್ಸಾಗಿದ್ದ ಯಾವ ಗೃಹಿಣಿಯೂ ತನ್ನ ನೆನಪಿನಲ್ಲಿ ಒಬ್ಬ ಕಥೋಲಿಕ ಗುರುವನ್ನು ಕಂಡಿರಲಾರಳು. ಅವಳು ಶಾಲೆಯಲ್ಲಿ ಕಲಿತದ್ದು ಮಾತೆ ಮರಿಯಮ್ಮನವರಿಗೆ ಪ್ರಾರ್ಥಿಸುವುದು ತಪ್ಪೆಂದು. ಆದರೂ ಕೊರಳ ಮಣಿಗಳನ್ನು ಅವಳು ಗುರುತಿಸಿದಳೆಂದರೆ ಹೇಳಿಕೊಟ್ಟವರು ಯಾರಿರಬೇಕು? ತಾಯಿ, ಅಜ್ಜಿ. ಕದವಿಕ್ಕಿದ ಒಳಮನೆಯಲ್ಲಿ, ಮೆಲುದನಿಯಲ್ಲಿ. ಈ ಅಜ್ಜಿಯರ ಹೆಸರು ಯಾವ ಚರಿತ್ರೆಯಲ್ಲಿಯೂ ದಾಖಲಾಗಿಲ್ಲ. ಅವರ ಕೆಲಸವಾಗಿರದಿದ್ದರೆ ವಾಜರು ಜಾಫ್ನದ ಬೀದಿಗಳಲ್ಲಿ ಭಿಕ್ಷೆಯ ಅಕ್ಕಿಯನ್ನಷ್ಟೇ ಪಡೆದು ಹಿಂದಿರುಗಬೇಕಾಗುತ್ತಿತ್ತು.

ಹಗಲು ಒಂದು ಪಾಠ, ಇರುಳು ಇನ್ನೊಂದು ಪಾಠ ಎಂಬ ಈ ಬಾಳು ಎಳೆಯ ಮನಸ್ಸುಗಳಿಗೆ ಹಿತವಾದುದೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಸುಳ್ಳು ಹೇಳಬಾರದೆಂದು ಕಲಿಸುವ ತಾಯಿಯೇ, ಶಾಲೆಯಲ್ಲಿ ಇದನ್ನು ಹೇಳಬೇಡವೆಂದೂ ಕಲಿಸಬೇಕಾಗಿತ್ತು. ವಾಜರು ಈ ಇಬ್ಬಗೆಯನ್ನು ಲಘುವಾಗಿ ಕಾಣಲಿಲ್ಲ. ಅವರು ಇರುಳಿನಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು, ಮನೆಯೊಂದರಲ್ಲಿ ಜನರನ್ನು ಕೂಡಿಸಿ, ಉಪದೇಶ, ಪಾಪನಿವೇದನೆ, ಪೂಜೆ ಇಷ್ಟನ್ನೂ ಬೆಳಕು ಹರಿಯುವ ಮುನ್ನ ಮುಗಿಸಿ ಮರೆಯಾಗುತ್ತಿದ್ದರು. ಮರೆಸಿಟ್ಟ ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವ ಎದೆಗಾರಿಕೆಯೂ ಆ ಕೂಟಗಳಲ್ಲಿಯೇ ಬೆಳೆಯಿತು. 1689ರ ಕ್ರಿಸ್ತಜಯಂತಿಯ ಇರುಳು ಡಚ್ ಸೈನಿಕರು ಜಾಫ್ನದಲ್ಲಿ ಪೂಜೆಗೆ ಸೇರಿದ್ದ ಸುಮಾರು ಮುನ್ನೂರು ಜನರನ್ನು ಸೆರೆಹಿಡಿದರು. ಅವರು ಹುಡುಕುತ್ತಿದ್ದ ಗುರು ಸಿಕ್ಕಲಿಲ್ಲ. ಹೆಂಗಸರು ಮಕ್ಕಳನ್ನು ಬಿಟ್ಟುಬಿಟ್ಟು, ಗಂಡಸರಲ್ಲಿ ಪ್ರಮುಖರಾದವರನ್ನು ಘೋರ ಶಿಕ್ಷೆಗೆ ಗುರಿಮಾಡಿದರು. ಹೊಡೆತ ತಿಂದು ಒಬ್ಬರು ಅಸುನೀಗಿದರು. ಉಳಿದವರು ಸೆರೆಮನೆಯಲ್ಲಿ ನವೆದರು. ಅವರಲ್ಲಿ ಯಾರೂ ವಾಜರ ಅಡಗುದಾಣವನ್ನು ಬಾಯಿಬಿಡಲಿಲ್ಲ.

ತಮ್ಮಿಂದ ಜನರಿಗೆ ಇನ್ನಷ್ಟು ಕಷ್ಟ ಬರಬಾರದೆಂದು ವಾಜರು 1690ರಲ್ಲಿ ಕ್ಯಾಂಡಿಯ ರಾಜ್ಯಕ್ಕೆ ಸೇರಿದ ಪುತ್ತಳಂಗೆ ಹೋದರು. 1692ರಲ್ಲಿ ರಾಜಧಾನಿಯನ್ನು ಪ್ರವೇಶಿಸಿದಾಗ, ಆಸ್ಥಾನದಲ್ಲಿದ್ದ ಫ್ರೆಂಚ್ ಪ್ರಾಟೆಸ್ಟೆಂಟನೊಬ್ಬನು ಇವರು ಪೋರ್ಚುಗೀಸರ ಗೂಢಚಾರರೆಂದು ದೂರಿತ್ತನು. ಬೌದ್ಧ ಧರ್ಮೀಯನಾದ ರಾಜ ಇಮ್ಮಡಿ ವಿಮಲಧರ್ಮಸೂರ್ಯನು ಅವರನ್ನು ಸೆರೆಯಲ್ಲಿರಿಸಿದನು. ಸೆರೆಮನೆಯ ಬಿಡುವಿನಲ್ಲಿ ವಾಜರು ಮಾಡಿದ ಮೊದಲ ಕೆಲಸವೆಂದರೆ ಸಿಂಹಳ ಭಾಷೆಯನ್ನು ಕಲಿತದ್ದು. ತಮಿಳನ್ನು ಆಗಲೇ ಕಲಿತಿದ್ದರು. ಅವರಿಗೆ ಪೋರ್ಚುಗೀಸ್ ತಿಳಿದಿತ್ತು, ಲತೀನ್ ತಿಳಿದಿತ್ತು, ಆ ಭಾಷೆಗಳಲ್ಲೇ ಮಂತ್ರಗಳನ್ನು ಬಾಯಿಪಾಠ ಮಾಡಿಸಿಬಿಡುವುದು ಸುಲಭವಾಗಿತ್ತು. ಹಿಂದಿನ ಕಾಲದಲ್ಲಿ ಹಲವರು ಹಾಗೆ ಮಾಡಿಯೂ ಇದ್ದರು. ವಾಜರು ಹಾಗೆ ಮಾಡದೆ ಪ್ರಾರ್ಥನೆಗಳನ್ನೂ ಶಿಲುಬೆಯ ಹಾದಿಯ ಧ್ಯಾನಗಳನ್ನೂ ಉಪದೇಶವನ್ನೂ ತಮಿಳಿಗೂ ಸಿಂಹಳಕ್ಕೂ ತಂದರು. ತಾಯಿ ತನ್ನ ಮಗುವಿಗೆ ಹೇಳಿಕೊಡಬೇಕಾದರೆ ಅದು ತಾಯಿಯ ಮಾತಿನಲ್ಲಿಯೇ ಇರಬೇಕಷ್ಟೆ. ಒಂದೇ ಬೆಂಚಿನಲ್ಲಿ ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್ ಮಾತಾಡುವ ಮಕ್ಕಳು ಕುಳಿತುಕೊಳ್ಳುವ ನಮ್ಮ ತರಗತಿಗಳಲ್ಲಿ ಈ ಮಾತು ಇಂದಿಗೂ ಬಗೆಹರಿದಿಲ್ಲ. ಮನೆಯಲ್ಲಿ ಒಂದು ಭಾಷೆ, ಉಪದೇಶದ ಪುಸ್ತಕದಲ್ಲಿ ಮತ್ತೊಂದು ಎಂದಾದಾಗ ಅಜ್ಜಿ ಮೊದಲು ಮೂಕಳಾಗುತ್ತಾಳೆ.

ಸೆರೆ ಕ್ರಮೇಣ ಸಡಿಲವಾಯಿತು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂತೆಂದೂ, ಅದರಿಂದ ರಾಜನ ಮನ ಒಲಿಯಿತೆಂದೂ ಹೇಳುವರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ಅರಸನೂ ಶ್ರೀಮಂತರೂ ಊರು ಬಿಟ್ಟರು. ರೋಗಿಗಳನ್ನು ಕಾಡಿಗೆ ಅಟ್ಟಲಾಯಿತು. ವಾಜರೂ ಅವರ ಸೋದರಳಿಯರಾದ ಜೋಸೆಫ್ ಕರ್ವಾಲ್ಯೊ ಗುರುಗಳೂ ಗುಡಿಸಿಲು ಕಟ್ಟಿ, ರೋಗಿಗಳ ಹುಣ್ಣು ತೊಳೆದು, ಸತ್ತವರನ್ನು ಕೈಯಾರೆ ಹೂಳಿದರು. ಧರ್ಮಭೇದವೆಣಿಸದ ಆ ಸೇವೆಯನ್ನು ಕಂಡ ಬೌದ್ಧ ಅರಸನು ಅವರಿಗೆ ಸಂಚಾರ ಸ್ವಾತಂತ್ರ್ಯವನ್ನಿತ್ತನು. ಅವರನ್ನು ಮೇತ್ರಾಣಿಗಳನ್ನಾಗಿ ಮಾಡುವ ಪ್ರಯತ್ನವನ್ನು ಅವರು ವಿನಯದಿಂದ ನಿರಾಕರಿಸಿದರು.

ಇಡೀ ದ್ವೀಪಕ್ಕೆ ಹಲವು ವರ್ಷ ಅವರೊಬ್ಬರೇ ಗುರು. ಆಮೇಲೆ ಗೋವೆಯಿಂದ ಬಂದ ಕೆಲವೇ ಮಂದಿ. ಒಂದು ಹಳ್ಳಿಗೆ ಗುರುಗಳು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಉಳಿದ ದಿನಗಳ ಪಾಡೇನು? ಕೆನರಾದಲ್ಲಿ ಮಾಡಿದಂತೆಯೇ ಇಲ್ಲಿಯೂ ಊರಿನವರ ಮೇಲೆಯೇ ಹೊಣೆ ಹೊರಿಸಿದರು. ಊರಿನ ಹಿರಿಯನೊಬ್ಬನನ್ನು ಮೂಪ್ಪು ಎಂದು ನೇಮಿಸಿ ಗುಡಿಯ ಆಡಳಿತವನ್ನು ಒಪ್ಪಿಸಿದರು. ಅಕ್ಷರ ಬಲ್ಲವನೊಬ್ಬನನ್ನು ಅಣ್ಣಾವಿ ಎಂದು ನೇಮಿಸಿದರು. ಭಾನುವಾರ ಜನರನ್ನು ಕೂಡಿಸಿ ಪ್ರಾರ್ಥನೆ ನಡೆಸುವುದು, ಸಂತರ ಚರಿತ್ರೆಗಳನ್ನು ಓದಿ ಹೇಳುವುದು, ಸಾಯುವ ಶಿಶುವಿಗೆ ಜ್ಞಾನಸ್ನಾನ ಕೊಡುವುದು, ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳಿಗೆ ಜ್ಞಾನೋಪದೇಶ ಮಾಡುವುದು ಅಣ್ಣಾವಿಯ ಕೆಲಸ. ಗುರುಗಳು ಬಂದಾಗ ಮಕ್ಕಳು ಅವರ ಮುಂದೆ ಪಾಠ ಒಪ್ಪಿಸಬೇಕು. ನಮ್ಮ ಮೈಸೂರು ಪ್ರಾಂತದ ಹಳ್ಳಿಗಳಲ್ಲಿ ಉಪದೇಶಿಗಳು ಮಾಡಿಕೊಂಡು ಬಂದದ್ದೂ ಇದನ್ನೇ. ಕೆಲವರ ಕೈಬರಹದ ಪ್ರಾರ್ಥನೆ ಪುಸ್ತಕಗಳನ್ನು ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಕಂಡವರಿದ್ದಾರೆ.

1705ರಲ್ಲಿ ಬಂದು ಸೇರಿದ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಅನೇಕ ಗ್ರಂಥಗಳನ್ನು ಬರೆದು ಅಣ್ಣಾವಿಗಳ ಕೈಗೆ ಒಳ್ಳೆಯ ಸಾಧನವನ್ನು ಕೊಟ್ಟರು. ವಾಜರ ದೇಹ ಅಷ್ಟರಲ್ಲಿ ಸೋತಿತ್ತು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ, ಅರವತ್ತು ತುಂಬುವ ಮುನ್ನವೇ, ಅವರು ಪ್ರಭುವಿನಲ್ಲಿ ನಿದ್ರೆ ಹೋದರು. ಗುರುಗಳೇ ಇಲ್ಲದಿದ್ದ ದ್ವೀಪದಲ್ಲಿ ಆಗ ಸುಮಾರು 70,000 ಕಥೋಲಿಕರಿದ್ದರೆಂದು ಚರಿತ್ರಕಾರರು ಬರೆಯುತ್ತಾರೆ. ಅವರದೇ ಸಭೆಯ ಸೆಬಾಸ್ತಿಯಾಂವ್ ದೊ ರೇಗೊರವರು ಬರೆದ ಅವರ ಚರಿತ್ರೆ 1745ರಲ್ಲಿ ಲಿಸ್ಬನ್ ನಗರದಲ್ಲಿ ಅಚ್ಚಾಯಿತು.

ವಾಜರ ಪದ್ಧತಿಯ ಪರೀಕ್ಷೆ ನಡೆದದ್ದು ಅವರು ಹೋದ ಮೇಲೆ, ಎರಡು ಕಡೆಗಳಲ್ಲಿ.

ಕ್ಯಾಂಡಿಯಲ್ಲಿ ಅರಸರು ಬದಲಾದರು. 1740ರ ದಶಕದಲ್ಲಿ ಗುರುಗಳನ್ನು ರಾಜ್ಯದಿಂದ ಹೊರಹಾಕಿ ಗುಡಿಗಳನ್ನು ನೆಲಸಮ ಮಾಡಲಾಯಿತು. ಅಣ್ಣಾವಿಗಳೂ ತಾಯಂದಿರೂ ಉಳಿದರು. 1796ರಲ್ಲಿ ಡಚ್ಚರು ದ್ವೀಪವನ್ನು ಬ್ರಿಟಿಷರಿಗೆ ಒಪ್ಪಿಸಿ ಹೊರಟಾಗ ವಿಚಿತ್ರವೊಂದು ಕಂಡುಬಂತು. ತೊಂಬು ಪುಸ್ತಕಗಳಲ್ಲಿ ಲಕ್ಷಗಟ್ಟಲೆ ಹೆಸರುಗಳಿದ್ದ ಸುಧಾರಿತ ಸಭೆ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಶಾಲೆಯಲ್ಲಿ ನೂರ ಮೂವತ್ತು ವರ್ಷ ಒಪ್ಪಿಸಿದ ಪಾಠ ಮನೆಗಳೊಳಗೆ ಹೊಕ್ಕಿರಲಿಲ್ಲ. ಕಥೋಲಿಕರು ಮಾತ್ರ ತಮ್ಮ ಜಪಮಾಲೆಗಳೊಡನೆ ಬೀದಿಗೆ ಬಂದರು. ಇದನ್ನು ಮತಾಭಿಮಾನದ ಹೆಮ್ಮೆಯಿಂದ ಹೇಳುತ್ತಿಲ್ಲ. ಅದೇ ಮಾನದಂಡದಿಂದ ನಮ್ಮ ಭಾನುವಾರದ ಒಂದು ಗಂಟೆಯನ್ನು ಅಳೆದರೆ ಫಲಿತಾಂಶ ಏನಾದೀತೋ ಎಂಬ ಅಂಜಿಕೆಯಿಂದಲೇ ಹೇಳುತ್ತಿದ್ದೇನೆ.

ಎರಡನೆಯ ಪರೀಕ್ಷೆ ನಮ್ಮ ನಾಡಿನದು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಕರಾವಳಿಯ ದೇವಾಲಯಗಳು ಒಂದೊಂದಾಗಿ ಉರುಳಿದುವು. ಘಟ್ಟ ಹತ್ತಿಸಿದ ಆ ಜನರಲ್ಲಿ ಒಂದು ನೂರು ವರ್ಷದ ಹಿಂದೆ ವಾಜರು ಬರಿಗಾಲಿನಲ್ಲಿ ಸುತ್ತಿದ ಊರುಗಳವರೂ ಇದ್ದರು. ಹದಿನೈದು ವರ್ಷದ ಸೆರೆಯಲ್ಲಿ ಬಹುಮಂದಿ ಅಳಿದರು. ಹಲವರು ಬಲವಂತದಿಂದ ಮತಾಂತರ ಹೊಂದಿದರು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ದೇವಾಲಯದ ಒಳಗನ್ನು ಕಂಡವರಲ್ಲ. 1799ರಲ್ಲಿ ಪಟ್ಟಣ ಬಿದ್ದ ಮೇಲೆ, ಉಳಿದವರಲ್ಲಿ ಅನೇಕರು ಘಟ್ಟವಿಳಿದು ಊರಿಗೆ ಮರಳಿದರು. ಕೆಲವರು ಮೈಸೂರು ಸೀಮೆಯಲ್ಲಿಯೇ ನಿಂತರು. ಅವರನ್ನು ಮತ್ತೆ ಕೂಡಿಸಲು ಬಂದ ಫ್ರೆಂಚ್ ಗುರುಗಳಾದ ಅಬ್ಬೆ ದುಬುವಾರವರೇ ಮುಂದೆ ಇಂದಿನ ಶಿವಾಜಿನಗರದ ಬ್ಲಾಕ್‌ಪಳ್ಳಿಯಲ್ಲಿ ಒಂದು ಚಿಕ್ಕ ಗುಡಿಯನ್ನು ಕಟ್ಟಿಸಿದವರು. ಆ ಗುಡಿಯಿದ್ದ ಕಡೆ 1882ರಲ್ಲಿ ಎದ್ದು ನಿಂತದ್ದೇ ನಾವೆಲ್ಲ ಸೆಪ್ಟೆಂಬರ್ 8ರಂದು ಹೂಮಾಲೆ ಹಿಡಿದು ಹೋಗುವ ಸಂತ ಮರಿಯಮ್ಮನವರ ಮಹಾದೇವಾಲಯ.

ಜೋಸೆಫ್ ವಾಜರನ್ನು ಪೋಪ್ ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1995ರ ಜನವರಿ 21ರಂದು ಕೊಲಂಬೊದಲ್ಲಿ ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಅದೇ ಗಾಲ್ ಫೇಸ್ ಮೈದಾನದಲ್ಲಿ ಪೋಪ್ ಫ್ರಾನ್ಸಿಸ್ ಜಗದ್ಗುರುಗಳು ಅವರಿಗೆ ಸಂತಪದವಿಯನ್ನು ನೀಡಿದರು. ಸಾವಿನಿಂದ ಸಂತಪದವಿಗೆ ಮುನ್ನೂರ ನಾಲ್ಕು ವರ್ಷ ಹಿಡಿಯಿತು. ಮುಡಿಪು ಗುಡ್ಡದ ಜನರಾಗಲಿ ಸಿಲ್ಲಾಲೈಯ ಜನರಾಗಲಿ ಅಷ್ಟು ಕಾಲ ಕಾದು ಕುಳಿತಿರಲಿಲ್ಲವೆಂಬುದು ಬೇರೆ ಮಾತು. ಕ್ಯಾಂಡಿಯಲ್ಲಿ ಅವರನ್ನು ಸಮಾಧಿ ಮಾಡಿದ ದೇವಾಲಯವು ಆಮೇಲಿನ ಉಪದ್ರವದಲ್ಲಿ ನಾಶವಾಯಿತು. ಅವರ ಸಮಾಧಿ ಎಲ್ಲಿದೆಯೆಂದು ಹಲವರು ಹುಡುಕಿದ್ದಾರೆ. ಇಂದಿನವರೆಗೂ ಅದು ಸಿಕ್ಕಿಲ್ಲ.